ನಂಜುಂಡಪ್ಪ ಕೊಟ್ಟ ವೀಳ್ಯ

ನಂಜುಂಡಪ್ಪ ಲ್ಯಾಬಿಗೆ ಬಂದವರನ್ನು ತಿಂಡಿ ತಿಂದಿದ್ದೀರಾ ಎಂದು ಕೇಳುತ್ತಿರಲಿಲ್ಲ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹಿಂದಿನ ದಿನವೇ ಹೇಳಿ ಕಳಿಸಿರುತ್ತಿದ್ದ. ತಿಂದು ಬಂದವರು ಅದನ್ನು ಒಪ್ಪಿಕೊಳ್ಳುವುದು ಅಪರೂಪ. ಒಪ್ಪಿಕೊಂಡರೆ ಮಾರನೆಯ ದಿನ ಮತ್ತೆ ಬಸ್ಸು ಹತ್ತಿ ಬರಬೇಕು. ಹಾಗಾಗಿ ಅವನು ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಲೇ ಮನೆಯ ಮಾತು ತೆಗೆಯುತ್ತಿದ್ದ.

“ಬೆಳಿಗ್ಗೆ ಮನೇಲಿ ಏನ್ ಮಾಡಿದ್ರು?”

“ಉಪ್ಪಿಟ್ಟು ಸ್ವಾಮಿ.”

“ಹೆಂಗಿತ್ತು?”

“ಉಪ್ಪು ವಸಿ ಕಮ್ಮಿ.”

ಅಲ್ಲಿಗೆ ಪಟ್ಟಿ ಬಿಚ್ಚಿ “ನಾಳೆ ಬಾರಪ್ಪ” ಎನ್ನುತ್ತಿದ್ದ. ಬೈಯುತ್ತಿರಲಿಲ್ಲ. ಶನಿವಾರದ ಒಪ್ಪತ್ತಿಗೆ ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು ಎಲ್ಲ ನಡೆಯುವ ಸೀಮೆ ನಮ್ಮದು. ಮುದ್ದೆ ಮತ್ತು ಅನ್ನ ಮುಟ್ಟದಿದ್ದರೆ ಹೊಟ್ಟೆ ಖಾಲಿಯೇ ಎಂದು ಜನ ಪ್ರಾಮಾಣಿಕವಾಗಿ ನಂಬಿದ್ದರು. ತಿಮ್ಮರಾಯಪ್ಪ ಎಂಬ ತೆಂಗಿನ ತೋಟದವರು ಒಮ್ಮೆ ಮೂತ್ರವನ್ನು ಜೇನುತುಪ್ಪದ ಬಾಟಲಿಯಲ್ಲಿ ಹಿಡಿದು ತಂದಿದ್ದರು. ತೊಳೆದಿದ್ದೇನೆ ಎಂದು ಅವರ ವಾದ. “ತೊಳ್ದಿರ್ತೀಯ ಕಣಪ್ಪ, ಆದ್ರೆ ನಾಳೆ ಸಕ್ರೆ ಬಂತು ಅಂದ್ರೆ ಅದು ನಿಂದೋ ಹುಳದ್ದೋ ಅಂತ ನಾನ್ಯಾರ್ನ ಕೇಳ್ಲಿ?” ಎಂದು ನಂಜುಂಡ ಬೇರೆ ಡಬ್ಬಿ ಕೊಟ್ಟು ಕಳಿಸಿದ.

ನಾನೂ ಅವನೂ ಬೀರೂರಿನಲ್ಲಿ ಮನೆ ಮಾಡಿಕೊಂಡಿದ್ದೆವು. ಅವನು ಅಜ್ಜಂಪುರದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ನಾನು ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಗಿನ ಒಂದೇ ರೈಲಿನಲ್ಲಿ ಹೋಗಿ ಸಂಜೆಯ ಒಂದೇ ರೈಲಿನಲ್ಲಿ ಬರುತ್ತಿದ್ದೆವು. ಅವನ ಊರು ದೇವನೂರಿನ ಕಡೆ. ಅಲ್ಲಿ ಅಣ್ಣಂದಿರು ಹೊಲ ನೋಡಿಕೊಳ್ಳುತ್ತಿದ್ದರು. ರೈಲಿನಲ್ಲಿ ನಾನು ಓದುತ್ತಿದ್ದೆ, ಅವನು ಕಿಟಕಿಯಾಚೆ ನೋಡುತ್ತ ಹೊಲಗಳ ಬೆಳೆ ಅಳೆಯುತ್ತಿದ್ದ. ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಅವನು ಸ್ಟೇಷನ್ನಿಗೆ ಬರಲಿಲ್ಲ. ರೈಲು ಬಂದು ಹೋಯಿತು. ಸ್ನಾನ ಮುಗಿಸಿ ಅಂಗಿ ಹಾಕಿಕೊಳ್ಳುವಾಗ ಕುಸಿದನಂತೆ. ಹೃದಯ ನಿಂತಿತ್ತು. ಇನ್ನೊಂದು ವರ್ಷಕ್ಕೆ ನಿವೃತ್ತಿ ಇತ್ತು.

ಅವನ ಬಗ್ಗೆ ಬರೆಯಬೇಕೆಂದು ಕೂತಾಗ ನನಗೆ ಕಲ್ಲಮ್ಮನ ಸಂಗತಿಯೇ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಹೇಳಿದರೆ ಅವನು ಎಂಥವನೆಂದು ಹೇಳಿದಂತೆ. ಅರ್ಧ ಅವನು ರೈಲಿನಲ್ಲಿ ಹೇಳಿದ್ದು, ಅದೂ ಊರಿಗೆಲ್ಲ ಗೊತ್ತಾದ ಮೇಲೆ. ಉಳಿದರ್ಧ ಕಲ್ಲಮ್ಮನೇ ಹೇಳಿದ್ದು.

ಕಲ್ಲಮ್ಮ ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯವಳು. ಅರವತ್ತು ದಾಟಿದ ವಿಧವೆ. ಕೂಸುಗಳಿಗೆ ಎರೆಯುವುದು ಅವಳ ಕೆಲಸ. ಊರಲ್ಲಿ ಯಾರಿಗೆ ಹೆರಿಗೆಯಾದರೂ ಅವಳಿಗೆ ಹೇಳಿ ಕಳಿಸುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ, ಹಸುಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ ತಾಯಿಯ ಕೈಗೆ ಕೊಡುತ್ತಿದ್ದಳು. ಆ ಊರಲ್ಲಿ ಈಗ ಮದುವೆಯ ವಯಸ್ಸಿಗೆ ಬಂದ ಹುಡುಗರೆಲ್ಲ ಅವಳ ಕಾಲ ಮೇಲೆ ಅತ್ತವರೇ. ಎರೆದಾದ ಮೇಲೆ ಎಲೆಅಡಿಕೆ ಕೊಡುವುದು ಪದ್ಧತಿ. ಹೀಗಾಗಿ ಅವಳ ಸಂಚಿ, ಅಂದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆಯ ಬಟ್ಟೆಚೀಲ, ಎಂದೂ ಬರಿದಾಗುತ್ತಿರಲಿಲ್ಲ. ಬಾಯಿಯೂ ಸದಾ ಕೆಂಪಗೆ.

ಆಶಾ ಕಾರ್ಯಕರ್ತೆ ಜಯಲಕ್ಷ್ಮಮ್ಮ ಬಿಡದ ಕೆಮ್ಮು ಇದ್ದವರನ್ನೆಲ್ಲ ಕಫ ಪರೀಕ್ಷೆಗೆ ಕಳಿಸುತ್ತಿದ್ದಳು. ಕಲ್ಲಮ್ಮ ಎರಡು ಸಲ ತಪ್ಪಿಸಿಕೊಂಡು ಮೂರನೆಯ ಸಲ ಅವಳ ಕಾಟಕ್ಕೆ ಬಂದಳು. ನಂಜುಂಡ ಡಬ್ಬಿ ಕೊಟ್ಟು, ಆಸ್ಪತ್ರೆಯ ಹಿಂದಿನ ಬಯಲು ತೋರಿಸಿ, ಬಾಯಿ ಮುಕ್ಕಳಿಸಿ ಎದೆಯಾಳದಿಂದ ಕೆಮ್ಮಿ ಉಗುಳಬೇಕೆಂದು ಹೇಳಿಕೊಟ್ಟ. ಅವಳು ತಂದು ಕೊಟ್ಟ ಡಬ್ಬಿಯಲ್ಲಿ ಬರೀ ತಾಂಬೂಲದ ರಸ.

“ಇದೇನಮ್ಮ, ಓಕುಳಿ ತಂದಿದೀಯ?”

“ನನ್ ಬಾಯಲ್ಲಿ ಬರೋದೇ ಅದು ಕಣಪ್ಪ.”

“ನಾಳೆ ಬೆಳಿಗ್ಗೆ ಎದ್ದೇಟ್ಗೆ, ಎಲೆ ಹಾಕ್ದೆ, ಬರೀ ನೀರಲ್ಲಿ ಬಾಯಿ ತೊಳ್ಕಂಡು ತೆಗ್ದಿಡು.”

ಮಾರನೆಯ ದಿನವೂ ಕೆಂಪೇ ಬಂತು. ಅದರಾಚೆ ಒಂದು ದಿನ ಬಿಳಿಯದು ಬಂತು, ಆದರೆ ಅದು ಬರೀ ಎಂಜಲು. ಎಂಜಲಲ್ಲಿ ಏನೂ ಕಾಣುವುದಿಲ್ಲ. ಅದನ್ನು ಪರೀಕ್ಷೆಗೆ ತೆಗೆದುಕೊಂಡು ‘ರೋಗ ಇಲ್ಲ’ ಎಂದು ಬರೆದು ಕೊಡುವುದು ಸುಲಭವಿತ್ತು. ಕಲ್ಲಮ್ಮನಿಗೆ ಬೇಕಾಗಿದ್ದದ್ದೂ ಅದೇ. ನಂಜುಂಡ ತೆಗೆದುಕೊಳ್ಳಲಿಲ್ಲ.

“ಕೊಟ್ನಲ್ಲಪ್ಪ, ಇನ್ನೇನ್ ಕರುಳು ಕಿತ್ತು ಕೊಡ್ಲಾ?”

“ಕರುಳು ಬ್ಯಾಡ. ಕಫ ಸಾಕು.”

“ಬರ್ದೆ ಇದ್ರೆ?”

“ಬರೋವರ್ಗೂ ನಾನಿಲ್ಲೇ ಇರ್ತೀನಿ.”

ಅವಳು ಆಮೇಲೆ ಬರುವುದನ್ನೇ ಬಿಟ್ಟಳು. ಒಂದು ಭಾನುವಾರ ನಂಜುಂಡ ಆ ಹಳ್ಳಿಗೆ ಹೋದ. ಅವಳು ಒಂದು ಮನೆಯಲ್ಲಿ ಎರೆಯುತ್ತಿದ್ದಳು. ಬಾಣಂತಿಯ ಕಡೆಯವರು ಅವನನ್ನು ಜಗಲಿಯಲ್ಲಿ ಕೂರಿಸಿದರು. ಬಚ್ಚಲ ಬಾಗಿಲು ತೆರೆದೇ ಇತ್ತು. ಕೂಸು ಅಳುತ್ತಿತ್ತು, ಕಲ್ಲಮ್ಮ ಅದಕ್ಕೆ ಏನೋ ಹೇಳುತ್ತಿದ್ದಳು. ಮಧ್ಯೆ ಒಮ್ಮೆ ಅವಳಿಗೆ ಕೆಮ್ಮು ಬಂತು. ಒಂದು ಕೈಯಲ್ಲಿ ಕೂಸನ್ನು ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಕೆಮ್ಮಿ, ಬಚ್ಚಲ ಮೂಲೆಗೆ ಕೆಂಪಗೆ ಉಗಿದು, ಒಂದು ಚೊಂಬು ನೀರು ಹುಯ್ದಳು. ಸಂಚಿಯಿಂದ ಎಲೆಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡದ್ದು ಆಮೇಲೆ. ಮನೆಯವರು ಯಾರೂ ಅದನ್ನು ಗಮನಿಸಲಿಲ್ಲ. ಎಲೆ ಹಾಕುವವರು ಕೆಂಪಗೆ ಉಗಿಯುವುದರಲ್ಲಿ ಗಮನಿಸುವುದೇನಿದೆ?

ಅವಳು ಕೆಲಸ ಮುಗಿಸಿ ಹೊರಟಾಗ ನಂಜುಂಡ ಬೇಲಿಯ ಪಕ್ಕ ನಿಲ್ಲಿಸಿ ಕೇಳಿದ.

“ಎಷ್ಟು ದಿನದಿಂದ ರಕ್ತ ಬತ್ತಾ ಐತೆ?”

ಅವಳು ಸಂಚಿಯನ್ನು ಸೊಂಟಕ್ಕೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು.

“ಎಲೆ ಕೆಂಪಲ್ಲಿ ಅದೂ ಮುಚ್ಚೋಯ್ತದೆ ಅಂತ ತಾನೆ?”

“ಗೊತ್ತಿದ್ ಮ್ಯಾಲೆ ಯಾಕ್ ಕೇಳ್ತೀಯ? ನನ್ ಗಂಡ ಇದೇ ಕಾಯ್ಲೇಲಿ ಹೋಗಿದ್ದು. ಆಗ ವರ್ಷ ತುಂಬೋವರ್ಗೂ ನಮ್ಮನೆ ನೀರು ಒಬ್ರೂ ಕುಡೀಲಿಲ್ಲ. ಈಗ ನಂಗೂ ಅದೇ ಅಂತ ಗೊತ್ತಾದ್ರೆ ಯಾವ ತಾಯಿ ತನ್ ಕೂಸ್ನ ನನ್ ಕಾಲ್ ಮ್ಯಾಲೆ ಹಾಕ್ತಾಳೆ ಹೇಳು.”

“ಈಗ ಹಾಕ್ತಾ ಅವ್ರಲ್ಲ, ಆ ಕೂಸುಗಳ ಗತಿ ಏನು?”

“ಮುಖ ತಿರುಗ್ಸಿ ಕೆಮ್ತೀನಿ.”

ಅವಳು ಹಾಗೆಂದದ್ದು ತಮಾಷೆಗಲ್ಲ. ಅವಳಿಗೆ ತಿಳಿದ ಎಚ್ಚರಿಕೆ ಅಷ್ಟೇ ಆಗಿತ್ತು. ನಂಜುಂಡ ವಾದ ಮಾಡಲಿಲ್ಲ. ರೈಲಿನಲ್ಲಿ ಇದನ್ನು ಹೇಳುವಾಗ ಅವನು, “ಹೆದರಿಸಿದ್ರೆ ಇನ್ನೊಂದು ಡಬ್ಬಿ ಎಂಜಲು ಸಿಗ್ತಿತ್ತು, ಅಷ್ಟೇ” ಎಂದಿದ್ದ.

ಅವನು ಊರೊಳಗಿನ ಅಂಗಡಿಗೆ ಹೋಗಿ ವೀಳ್ಯದೆಲೆ, ಅಡಿಕೆ ಕೊಂಡು ಬಂದ. ನಮ್ಮ ಕಡೆ ಬಾಣಂತನಕ್ಕೆ, ಅಡುಗೆಗೆ, ವಾಲಗಕ್ಕೆ ಯಾರನ್ನಾದರೂ ಗೊತ್ತು ಮಾಡುವಾಗ ಕೈಗೆ ವೀಳ್ಯ ಕೊಡುತ್ತಾರೆ. ಕೊಟ್ಟವರೂ ತೆಗೆದುಕೊಂಡವರೂ ಆಮೇಲೆ ಮಾತು ತಪ್ಪುವಂತಿಲ್ಲ. ಅವನು ಎರಡೂ ಕೈಯಲ್ಲಿ ಅವಳ ಮುಂದೆ ವೀಳ್ಯ ಹಿಡಿದ.

“ನನ್ ಮಗಳು ನಯನಂದು ಹೋದ ವರ್ಷ ಮದ್ವೆ ಆಗೈತೆ. ಅವಳ್ಗೆ ಕೂಸಾದಾಗ ನೀನೇ ಬಂದು ಎರೀಬೇಕು. ಬೀರೂರಿಗೆ.”

“ಹುಚ್ಚೇನೋ ನಿಂಗೆ? ಈಗ್ಲೇ ಹೇಳಿದ್ನಲ್ಲ, ನಂಗೆ...”

“ಅದ್ಕೇ ಹೇಳ್ತಿರೋದು. ವಾಸಿ ಮಾಡ್ಕಂಡು ಬಾ. ವಾಸಿ ಆಗ್ಬೇಕು ಅಂದ್ರೆ ಔಷಧಿ ಬೇಕು, ಔಷಧಿ ಕೊಡ್ಬೇಕು ಅಂದ್ರೆ ನಂಗೆ ನಿನ್ ಕಫ ಬೇಕು. ಈ ವೀಳ್ಯ ಬಾಯಿಗೆ ಹಾಕ್ಕಳ್ಳಂಗಿಲ್ಲ. ಸಂಚೀಲಿ ಇರೋದನ್ನೂ ಅಷ್ಟೇ, ಡಬ್ಬಿ ತಂದು ಕೊಡೋವರ್ಗೂ.”

“ನಿನ್ ಹೆಂಡ್ತಿ ಒಪ್ತಾಳಾ?” ಎಂದು ಕೇಳಿದಳು.

“ಒಪ್ಸೋದು ನನ್ ಕೆಲ್ಸ. ತಗೋ.”

ಅವಳು ಸೆರಗು ಒಡ್ಡಿ ತೆಗೆದುಕೊಂಡಳು.

ಮಾರನೆಯ ಬೆಳಿಗ್ಗೆ ಅಜ್ಜಂಪುರದಲ್ಲಿ ನಾವು ರೈಲಿಳಿದಾಗ ಒಬ್ಬ ಮುದುಕಿ ಸ್ಟೇಷನ್ನಿನ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಮುಚ್ಚಳ ಬಿಗಿದ ಡಬ್ಬಿ, ಅದರ ಸುತ್ತ ಪ್ಲಾಸ್ಟಿಕ್ ಚೀಲ. ಅವಳ ತುಟಿ ಒಣಗಿ ಬೆಳ್ಳಗಿತ್ತು. ನಂಜುಂಡ ಅದನ್ನು ತೆಗೆದುಕೊಂಡು ನನ್ನ ಜೊತೆ ನಡೆದ. ಅವಳು ಯಾರೆಂದು ನಾನು ಕೇಳಿದೆ. “ನಮ್ ಪೇಷೆಂಟು” ಎಂದ, ಅಷ್ಟೇ.

ಆ ಕಫವನ್ನು ನಂಜುಂಡ ಮೊದಲು ತನ್ನ ಮೈಕ್ರೋಸ್ಕೋಪಿನಲ್ಲೇ ನೋಡಿದ. ಖಚಿತಪಡಿಸಲು ಅದು ಐಸ್ ಪೆಟ್ಟಿಗೆಯಲ್ಲಿ ಬಸ್ಸಿನಲ್ಲಿ ತರೀಕೆರೆಗೆ ಹೋಯಿತು. ಟಿಬಿ ಇದೆ ಎಂದು ಬಂತು. ಡಾಕ್ಟರು ಔಷಧಿ ಶುರು ಮಾಡಿದರು. ಆರು ತಿಂಗಳು ತಪ್ಪದೆ ನುಂಗಬೇಕು.

ಕಷ್ಟದ ಕೆಲಸ ಆಮೇಲಿನದು. ಕಲ್ಲಮ್ಮ ಎರೆಯುತ್ತಿದ್ದ ಕೂಸುಗಳನ್ನೆಲ್ಲ ಪರೀಕ್ಷೆ ಮಾಡಿಸಬೇಕಿತ್ತು. ಜಯಲಕ್ಷ್ಮಮ್ಮ ಹೋಗಿ ಕರೆದರೆ ಯಾಕೆಂದು ಎಲ್ಲರೂ ಕೇಳುತ್ತಾರೆ. ಹೆಸರು ಹೇಳದಿದ್ದರೂ ಊರಿಗೆ ಎರೆಯುವವಳು ಒಬ್ಬಳೇ. ನಂಜುಂಡ ಅದನ್ನು ಅವಳ ಮುಂದೆಯೇ ಇಟ್ಟ.

“ಜಯಲಕ್ಷ್ಮಮ್ಮ ಹೋಗ್ಲಾ, ನೀನೇ ಹೋಗ್ತೀಯಾ? ಹೆಂಗಾದ್ರೂ ಗೊತ್ತಾಗೋ ವಿಷ್ಯ.”

“ನನ್ ಬಾಯಲ್ಲಿ ಬಂದಿದ್ದು ನನ್ ಬಾಯಲ್ಲೇ ಹೋಗ್ಲಿ ಬಿಡು” ಎಂದಳು.

ಬಾಯಿಗೆ ಸೆರಗು ಕಟ್ಟಿಕೊಂಡು ಅವಳೇ ಮನೆಮನೆಗೆ ಹೋದಳು. ಒಳಗೆ ಕಾಲಿಡಲಿಲ್ಲ. ಅಂಗಳದಲ್ಲಿ ನಿಂತು, “ನಂಗೆ ಕೆಮ್ಮಿನ್ ಕಾಯ್ಲೆ ಐತೆ ಕಣ್ರವ್ವ. ಕೂಸ್ನ ಆಸ್ಪತ್ರೆಗೆ ಕರ್ಕಂಡೋಗಿ ತೋರ್ಸಿ. ತಡ ಮಾಡ್ಬೇಡಿ” ಎಂದು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳು. ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು ಹಿಡಿಶಾಪ ಹಾಕಿದಳು. ಒಂದು ಮನೆಯಲ್ಲಿ ಅವಳು ಬಚ್ಚಲಲ್ಲಿ ಕೂರುತ್ತಿದ್ದ ಮಣೆಯನ್ನು ಅವಳ ಕಣ್ಣೆದುರೇ ತಂದು ಒಲೆಗೆ ಹಾಕಿದರು. ಕೂಸುಗಳೆಲ್ಲ ಆಸ್ಪತ್ರೆಗೆ ಬಂದವು. ಯಾವುದಕ್ಕೂ ರೋಗ ತಗಲಿರಲಿಲ್ಲ. ಮುಂದೆ ತಗಲದಿರಲೆಂದು ಡಾಕ್ಟರು ಅವಕ್ಕೆ ಮಾತ್ರೆ ಬರೆದುಕೊಟ್ಟರು.

ಕಲ್ಲಮ್ಮ ತಿಂಗಳಿಗೊಮ್ಮೆ ಔಷಧಿಗೆ ಬರುತ್ತಿದ್ದಳು. ಬಂದಾಗಲೆಲ್ಲ ನಂಜುಂಡನನ್ನು ಬೈಯದೆ ಹೋಗುತ್ತಿರಲಿಲ್ಲವಂತೆ.

“ನಿನ್ ಮಾತ್ರೆ ನುಂಗಿದ್ರೆ ಉಚ್ಚೆ ಕೆಂಪಗೆ ಹೋಯ್ತದಲ್ಲೋ. ಬಾಯಿ ಕೆಂಪು ಬಿಡ್ಸಿ ಅಲ್ಲಿಗಿಳ್ಸಿದ್ಯಾ?”

“ಮಾತ್ರೆ ಬಣ್ಣ ಕಣಮ್ಮ ಅದು. ಹೆದರ್ಕಬೇಡ.”

“ನಾನ್ ಹೆದ್ರುತೀನಾ? ಎಲೆ ಇಲ್ದೆ ಬಾಯೆಲ್ಲ ಮಣ್ಣು ಮಣ್ಣು. ನಿಂಗೆ ಒಳ್ಳೇದಾಗಲ್ಲ.”

ಡಬ್ಬಿ ತಂದುಕೊಟ್ಟ ಮೇಲೆ ಎಲೆ ಹಾಕಿಕೊಳ್ಳಲು ಅಡ್ಡಿ ಇರಲಿಲ್ಲ. ಆದರೆ ಮುಂದೆ ಮತ್ತೆ ಕಫ ಕೊಡಬೇಕಲ್ಲ, ಆಗ ತಪ್ಪಾಗಬಾರದು ಎಂದು ಅವಳೇ ಬಿಟ್ಟಿದ್ದಳು. ಆರು ತಿಂಗಳಾಯಿತು. ಕಫ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ವಾಸಿಯಾಗಿದೆ ಎಂದು ಡಾಕ್ಟರು ಹೇಳಿದರು. ಅವಳು ಊರಿಗೆ ಹೋಗಿ ಅದನ್ನೂ ಮನೆಮನೆಗೆ ಹೇಳಿದಳು. ಆಗಲಿ ಎಂದರು. ಆ ಮೇಲೆ ಊರಲ್ಲಿ ಮೂರ್ನಾಲ್ಕು ಹೆರಿಗೆಗಳಾದವು. ಒಬ್ಬರೂ ಹೇಳಿ ಕಳಿಸಲಿಲ್ಲ. ಅವಳಿಗೆ ಉಳಿದಿದ್ದು ನಂಜುಂಡನ ವೀಳ್ಯ ಒಂದೇ. ಎಲೆ ಒಣಗಿ ಪುಡಿಯಾಗಿತ್ತು. ಅಡಿಕೆ ಸಂಚಿಯಲ್ಲಿತ್ತು.

ಅವನು ತೀರಿಹೋದಾಗ ನಯನಳಿಗೆ ದಿನ ತುಂಬುತ್ತ ಬಂದಿತ್ತು. ಕಲ್ಲಮ್ಮ ಅಂದು ಬೀರೂರಿಗೆ ಬಂದಿದ್ದಳು. ಜನರ ಹಿಂದೆ ನಿಂತು ನೋಡಿ, ಯಾರನ್ನೂ ಮಾತಾಡಿಸದೆ ಹೋದಳು.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸುಲೋಚನಮ್ಮ ನನಗೆ ಫೋನ್ ಮಾಡಿದರು. ಅವರು ನಂಜುಂಡನ ಹೆಂಡತಿ. ವೀಳ್ಯದ ವಿಷಯ ಅವರಿಗೆ ಗೊತ್ತಿತ್ತು. ಅವನು ಒಪ್ಪಿಸಿಯೂ ಇದ್ದ.

“ಮೇಷ್ಟ್ರೇ, ಅವ್ರು ಕೊಟ್ಟ ಮಾತು ಅದು. ಆದ್ರೆ ಈಗ ಅವ್ರಿಲ್ಲ. ಬೀಗಿತ್ತಿ ಜವರಮ್ಮ ಬಂದು ಕೂತವ್ರೆ. ಅವ್ರು ಕೂಡ್ದು ಅಂದ್ರೆ ನಾನೊಬ್ಳೇ ಹೆಂಗ್ ಎದ್ರು ಮಾತಾಡ್ಲಿ?”

“ನೀವೇನಂತೀರಿ?” ಎಂದೆ.

“ಹೇಳಿ ಕಳ್ಸಿ” ಎಂದರು.

ನಾನು ಜಯಲಕ್ಷ್ಮಮ್ಮನ ಮೂಲಕ ಹೇಳಿಸಿದೆ. ಅಂದೇ ಬರುತ್ತಾಳೆ ಎಂದುಕೊಂಡಿದ್ದೆ, ಬರಲಿಲ್ಲ. ಎರಡು ದಿನ ಬಿಟ್ಟು ಒಂದು ಬೆಳಿಗ್ಗೆ ಬೀರೂರು ಸ್ಟೇಷನ್ನಿನಲ್ಲಿ ಇಳಿದಳು. ನಾನು ಕರೆದುಕೊಂಡು ಹೋದೆ. ಮನೆಯ ಮುಂದಿನ ನಲ್ಲಿಯಲ್ಲಿ ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಅಂಗಳದಲ್ಲೇ ನಿಂತಳು. ತನ್ನ ಊರಿನ ಅಂಗಳಗಳಲ್ಲಿ ನಿಂತಿದ್ದಂತೆಯೇ.

ಜವರಮ್ಮ ಬಾಗಿಲಿಗೆ ಬಂದರು. ಸೊಸೆಯ ಬಾಣಂತನ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಬಂದವರು, ಕೂಸಿನ ಬಗ್ಗೆ ತಮಗೂ ಹಕ್ಕಿದೆ ಎಂದು ತಿಳಿದವರು. ಅದರಲ್ಲಿ ತಪ್ಪಿಲ್ಲ.

“ಇವ್ಳೇ ಏನ್ರೀ? ಟಿಬಿ ಬಂದಿದ್ದೋಳು?”

“ವಾಸಿ ಆಗೈತೆ ಜವರಮ್ಮ” ಎಂದರು ಸುಲೋಚನಮ್ಮ.

“ವಾಸಿ ಆಗೈತೆ ಅಂತ ನಿಮ್ ಯಜಮಾನ್ರು ಹೇಳಿದ್ದು ತಾನೆ? ಅವ್ರು ಹೋಗಿ ಎಷ್ಟು ದಿನ ಆಯ್ತು? ಆಮೇಲೆ ತಿರುಗಾ ಬಂದಿದ್ರೆ? ನೋಡೋರ್ ಯಾರು?”

ಕಲ್ಲಮ್ಮ ಅಂಗಳದಿಂದಲೇ ಮಾತಾಡಿದಳು.

“ನೀನ್ ಕೇಳೋದು ಸರಿ ಕಣವ್ವ. ಅದ್ಕೇ ಹೇಳಿ ಕಳ್ಸಿದ್ ದಿನ ನಾನ್ ಬರ್ಲಿಲ್ಲ. ಮಾರ್ನೇ ದಿನ ಎದ್ದೇಟ್ಗೆ, ಬಾಯಿಗೆ ಏನೂ ಹಾಕ್ದೆ, ಕಫ ತೆಗ್ದು ಆಸ್ಪತ್ರೆಗೆ ತಗಂಡೋದೆ. ಹೊಸ ಹುಡುಗಿ ಬಂದೈತೆ ಅಲ್ಲಿ. ನಿನ್ ಔಷಧಿ ಮುಗ್ದೈತಲ್ಲಜ್ಜಿ, ಇನ್ನೇನಕ್ಕೆ ಅಂತು. ನೋಡು ಅಂದೆ. ನೋಡ್ತು. ಏನೂ ಇಲ್ಲ ಅಂತು. ಮೇಷ್ಟ್ರು ಫೋನ್ ಮಾಡಿ ಕೇಳ್ಲಿ.”

ಜವರಮ್ಮ ನನ್ನ ಕಡೆ ನೋಡಿದರು. ನಾನು ಫೋನ್ ಮಾಡಿದೆ. ಲ್ಯಾಬಿನ ಹುಡುಗಿ ನಂಜುಂಡ ಕೂರುತ್ತಿದ್ದ ಕುರ್ಚಿಯಲ್ಲೇ ಕೂತಿರಬೇಕು. ಫೋನಿನ ಸ್ಪೀಕರ್ ಹಾಕಿ ಕಲ್ಲಮ್ಮನ ಕೈಗೆ ಕೊಟ್ಟೆ. “ನನ್ ಕಫದಲ್ಲಿ ಏನ್ ಬಂತು ಅಂತ ಎಲ್ರಿಗೂ ಕೇಳಂಗೆ ಹೇಳವ್ವ” ಎಂದಳು. ಏನೂ ಇಲ್ಲ ಎಂದು ಹುಡುಗಿ ಹೇಳಿದಳು. “ಬಾಯಿಗೆ ಎಲೆ ಹಾಕಿದ್ರಾ ಅಂತ ನಾನು ಕೇಳೋಕೆ ಮುಂಚೆ ಅವ್ರೇ ಬಾಯಿ ತೆಗ್ದು ತೋರ್ಸಿದ್ರು” ಎಂದು ಸೇರಿಸಿ ನಕ್ಕಳು.

ಜವರಮ್ಮ ಬಾಗಿಲು ಬಿಟ್ಟು ಸರಿಯಲಿಲ್ಲ. ಆಗ ಒಳಗಿನಿಂದ ನಯನ ಬಂದಳು. ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಕೈಯಲ್ಲಿ ಕೂಸಿತ್ತು. ಅತ್ತೆಯ ಪಕ್ಕದಲ್ಲಿ ನಿಂತು, “ಅತ್ತೆ, ನೀರು ಕಾದೈತೆ. ನೀವೂ ಬನ್ನಿ, ಪಕ್ಕದಲ್ಲೇ ಕೂತ್ಕಳಿ” ಎಂದಳು.

ಸುಲೋಚನಮ್ಮ ಬಚ್ಚಲಿಗೆ ಮಣೆ ಹಾಕಿದರು. ಕಲ್ಲಮ್ಮ ಸೀರೆ ಮೇಲೆತ್ತಿ ಕಾಲು ನೀಡಿದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಕಾಲುಗಳ ಮೇಲೆ ಕೂಸು ಮಲಗಿರಲಿಲ್ಲ. ನಯನ ಮಗುವನ್ನು ಮಲಗಿಸಿದಳು. ನಾನು ಹೊರಗೆ ಜಗಲಿಯಲ್ಲಿ ಕೂತೆ. ಕೂಸು ಅಳಲು ಶುರು ಮಾಡಿತು. ನೀರಿನ ಸದ್ದು, ಕಲ್ಲಮ್ಮನ ದನಿ, ಮಧ್ಯೆ ಮಧ್ಯೆ ಜವರಮ್ಮನ ದನಿ: ನೀರು ಸಾಲದು, ಮೂಗು ನೀವು, ಹಿಂದಲೆ ಒತ್ತು.

“ಗೊತ್ತು ಸುಮ್ಕಿರವ್ವ” ಎಂದಳು ಕಲ್ಲಮ್ಮ.

ಸಾಂಬ್ರಾಣಿಯ ವಾಸನೆ ಹೊರಗೆ ಬರುವ ಹೊತ್ತಿಗೆ ಅಳು ನಿಂತಿತ್ತು. ಸುಲೋಚನಮ್ಮ ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು ತಂದರು. ಕಲ್ಲಮ್ಮ ಸಂಚಿ ಬಿಚ್ಚಿ, ತಳದಲ್ಲಿದ್ದ ಹಳೆಯ ಅಡಿಕೆಯನ್ನು ತೆಗೆದು ತಟ್ಟೆಯಲ್ಲಿಟ್ಟು, ಹೊಸದನ್ನು ಒಳಗೆ ಹಾಕಿಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ತಟ್ಟೆಯಲ್ಲಿದ್ದದ್ದು ಏನೆಂದು ಸುಲೋಚನಮ್ಮನಿಗೆ ತಿಳಿಯಿತು. ಅವರು ಅದನ್ನು ಮುಟ್ಟದೆ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು.

ಕೂಸು ನಿದ್ದೆ ಹೋಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಜವರಮ್ಮ ತಲೆಯೆತ್ತದೆ ಕೇಳಿದರು.

“ನಾಳೆ ಎಷ್ಟೊತ್ಗೆ ಎರೀತೀಯವ್ವ? ನೀರು ಕಾಯ್ಸ್ಬೇಕಲ್ಲ.”

“ಇದೇ ಹೊತ್ಗೆ” ಎಂದಳು ಕಲ್ಲಮ್ಮ. “ಅದ್ಕೆ ಮುಂಚೆ ಹಾಲು ಕೊಟ್ಬಿಡ್ಬೇಡಿ. ಖಾಲಿ ಹೊಟ್ಟೇಲಿ ಇರ್ಲಿ. ಕೊಟ್ಬಿಟ್ಟು ಕೊಟ್ಟಿಲ್ಲ ಅಂದ್ರೂ ನಂಗೆ ಗೊತ್ತಾಯ್ತದೆ.”